ಈಚಲ ನೆರಳು ತುಳಿಯದವನು

ಪುಷ್ಯ ಮಾಸ, ಗುರುವಾರ, ಬೆಳಗ್ಗೆ ಏಳು ಗಂಟೆ. ಚಳ್ಳಕೆರೆಯ ನಮ್ಮ ಮನೆ ಮುಂದಿನ ಕಟ್ಟೆ. ಇದ್ದವರು ನಾನು, ನನ್ನ ಹೆಂಡತಿ, ಎದುರು ಸಾಲಿನ ಟೆಲಿಫೋನ್ ಬೂತಿನವನು. ನಾನು ಪೇಪರು ಓದಿ ಮುಗಿಸಿ ಮಡಿಸುತ್ತಿದ್ದೆ. ಬೂತಿನವನು ರಸ್ತೆ ದಾಟಿ ಬಂದು ಹೇಳಿದ:

"ಸಾರ್, ಮೊಳಕಾಲ್ಮೂರು ಕಡೆಯಿಂದ ಫೋನ್ ಬಂದಿತ್ತು. ನಿಮ್ಮ ಗಲ್ಫ್ ದೋಸ್ತು ರಾತ್ರಿ ಹೋಗ್ಬಿಟ್ರಂತೆ. ಮಧ್ಯಾಹ್ನದ ಮೇಲೆ ಮಣ್ಣಂತೆ."

"ಯಾರು, ಉಂಡ ತಟ್ಟೆ ತಾವೇ ತೊಳೆದಿಟ್ಟು ಹೋಗ್ತಿದ್ರಲ್ಲ, ಅವರಾ?" ಎಂದಳು ಹೆಂಡತಿ.

"ಅವರೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಎಂಟೂಕಾಲಿನ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮೊಳಕಾಲ್ಮೂರಿನವರೆಗೆ ಮಾಡುವ ಕೆಲಸವಿರಲಿಲ್ಲ. ಸತ್ತವನ ಬಗ್ಗೆ ಯೋಚಿಸಿದೆ.

ಆತನ ಹೆಸರು ಬರೆಯುವುದಿಲ್ಲ. ನಾಲ್ಕು ಜನರ ನಡುವೆ ತನ್ನ ಹೆಸರು ಹಿಡಿದು ಕರೆದರೆ ತಲೆ ತಗ್ಗಿಸುತ್ತಿದ್ದ ಮನುಷ್ಯ. ಬರೆದರೆ ಸೇರುತ್ತಿರಲಿಲ್ಲ.

ನಾನು ಆತನನ್ನು ಮೊದಲು ಕಂಡದ್ದು ಚಳ್ಳಕೆರೆಯಲ್ಲೂ ಅಲ್ಲ, ಮೊಳಕಾಲ್ಮೂರಲ್ಲೂ ಅಲ್ಲ. ಸೈನ್ಯದಿಂದ ನಿವೃತ್ತನಾದ ಮೇಲೆ, ತೊಂಬತ್ತರ ದಶಕದಲ್ಲಿ, ಅರಬರ ನಾಡಿನ ಒಂದು ಕಡಲೂರಿನ ಹೋಟೆಲಿನಲ್ಲಿ ನಾನು ತೋಟದ ಮೇಲ್ವಿಚಾರಕನಾಗಿದ್ದೆ. ಒಂದು ಕಡೆ ನೀಲಿ ಕಡಲು, ಇನ್ನೊಂದು ಕಡೆ ನಮ್ಮ ಜಟಿಂಗ ರಾಮೇಶ್ವರದ ಗುಡ್ಡದ ಹಾಗೆ ಬೋಳು ಕಲ್ಲಿನ ಬೆಟ್ಟ. ವರ್ಷವಿಡೀ ಬಿಸಿಲು. ಆ ಬಿಸಿಲಿಗಾಗಿಯೇ ಯುರೋಪಿನ ಜನ ಬಂದು, ಮೈಗೆ ಎಣ್ಣೆ ಹಚ್ಚಿಕೊಂಡು ಮರಳಿನ ಮೇಲೆ ಮಲಗುತ್ತಿದ್ದರು. ಅವರ ಹಾಸಿಗೆ ಬಟ್ಟೆ ಒಗೆಯಲು, ಅಡುಗೆ ಮಾಡಲು, ಹುಲ್ಲು ಕತ್ತರಿಸಲು ಬೇರೆ ಬೇರೆ ದೇಶಗಳಿಂದ ನಾವು ಬಂದಿದ್ದೆವು. ನಾವಿರುತ್ತಿದ್ದದ್ದು ಹೋಟೆಲಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿ. ಅಲ್ಲಿಂದ ಕಡಲು ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

ಒಂದು ಬೆಳಗ್ಗೆ ಹೊಸ ತೋಟದಾಳು ಬಂದು ನಿಂತ. ಎತ್ತರದ ಆಳು, ಕಪ್ಪು ಬಣ್ಣ, ಬರಿಗಾಲು. ಕನ್ನಡದವನೆಂದು ತಿಳಿದು ನನಗೆ ಸಂತೋಷವಾಯಿತು.

"ಯಾವೂರಪ್ಪ?"

"ಮೊಳಕಾಲ್ಮೂರು ತಾವ ಹಟ್ಟಿ ಸಾರ್. ನೀವು?"

"ಚಳ್ಳಕೆರೆ."

"ಹಂಗಾರೆ ಒಂದು ಮಾತು ಹೇಳ್ತೀನಿ, ಬೈಯಬ್ಯಾಡ್ರಿ. ನಾನು ಈ ಗಿಡ ಮುಟ್ಟಂಗಿಲ್ಲ."

ಆತ ಬೊಟ್ಟು ಮಾಡಿದ್ದು ಖರ್ಜೂರದ ಮರದ ಕಡೆಗೆ. ಆ ತೋಟದಲ್ಲಿ ಇದ್ದದ್ದೇ ಖರ್ಜೂರ. ಬಾಗಿಲಿನಿಂದ ಕಡಲವರೆಗೆ ಎರಡು ಸಾಲು, ಈಜುಕೊಳದ ಸುತ್ತ ಒಂದು ಸಾಲು, ಊರಿನ ಪ್ರತಿ ರಸ್ತೆಗೂ ಅದೇ ಸಾಲು.

ನನಗೆ ಅರ್ಥವಾಯಿತು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದನಗಾಹಿ ಮ್ಯಾಸನಾಯಕರ ಹಟ್ಟಿಗಳಲ್ಲಿ ಕುಲದ ಕಟ್ಟು ಪಾಲಿಸುವವರು ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ, ಈಚಲು ಮರದ ತಂಟೆಗೆ ಹೋಗುವುದಿಲ್ಲ, ಈಚಲು ಚಾಪೆಯ ಮೇಲೆ ಕೂರುವುದೂ ಇಲ್ಲ. ಖರ್ಜೂರ ಈಚಲಿನ ಕುಲವೇ.

"ಇದು ಈಚಲಲ್ಲ ಮಾರಾಯ, ಖರ್ಜೂರ" ಎಂದೆ.

"ಅಕ್ಕ ತಂಗಿ ಇದ್ದಂಗ ಅದಾವಲ್ಲ ಸಾರ್. ಅಕ್ಕನ್ನ ಬ್ಯಾಡ ಅಂದು ತಂಗೀನ ಮುಟ್ಟಿದ್ರೆ ಆತದಾ?"

ನಗು ಬಂತು. ಕೆಲಸ ಹಂಚುವುದು ನನ್ನ ಕೈಯಲ್ಲಿತ್ತು. ಮರಗಳ ಕೆಲಸವನ್ನು ಬೇರೆಯವರಿಗೆ ಕೊಟ್ಟು, ಈತನಿಗೆ ಹುಲ್ಲುಹಾಸು, ಕಾಗದದ ಹೂವಿನ ಬಳ್ಳಿ, ಮರಳು ಗುಡಿಸುವ ಕೆಲಸ ಕೊಟ್ಟೆ. ಕೆಲಸದಲ್ಲಿ ಒಂದು ದಿನವೂ ಹಿಂದೆ ಬೀಳಲಿಲ್ಲ. ಆದರೆ ಶೆಡ್ಡಿನಿಂದ ಹುಲ್ಲುಹಾಸಿಗೆ ಬರಲು ಮರಗಳ ಸಾಲಿನ ನಡುವಿನ ನೆರಳಿನ ದಾರಿ ಬಿಟ್ಟು, ಹೊರಗಿನ ಗೋಡೆ ಸುತ್ತಿ ಸುಡು ಮರಳಿನ ಮೇಲೆ ಬರುತ್ತಿದ್ದ. ಅದೂ ಬರಿಗಾಲಲ್ಲಿ. ಅಲ್ಲಿಯ ಜೂನ್ ತಿಂಗಳ ಬಿಸಿಲು ಕಂಡವರಿಗೆ ಗೊತ್ತು, ನೆರಳು ಬಿಟ್ಟು ನಡೆಯುವುದೆಂದರೆ ಏನು ಎಂದು.

ಇಷ್ಟು ಬಿಗಿ ಯಾಕೆ ಎಂದು ಒಂದು ಶುಕ್ರವಾರ ಕೇಳಿದೆ. ಆತನ ಹಟ್ಟಿಯವರು ದೇವರ ಎತ್ತುಗಳನ್ನು ಸಾಕುತ್ತಾರೆ. ಆ ಎತ್ತುಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ, ಅವು ದೇವರವು. ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಆ ಹಟ್ಟಿಯಲ್ಲಿ ಕಿಲಾರಿಯಾದವನು ಮದುವೆಯಾಗುವಂತಿಲ್ಲ, ಚಪ್ಪಲಿ ಹಾಕುವಂತಿಲ್ಲ, ಎತ್ತು ಬಿಟ್ಟು ಮನೆಯಲ್ಲಿ ಮಲಗುವಂತಿಲ್ಲ. ಆಗ ಕಿಲಾರಿಯಾಗಿದ್ದವನು ಈತನ ಸೋದರಮಾವ. ವಿಧವೆ ಅಕ್ಕನ ಮನೆಗೆ ಸೂರು ಮಾಡಿಸಲು ಈತ ಪರದೇಶಕ್ಕೆ ಹೊರಟಾಗ ಆ ಮಾವ ಹೇಳಿದ್ದನಂತೆ, "ಹೋಗಿ ಬಾರೋ. ಕಟ್ಟು ಮಾತ್ರ ಬಿಡಬ್ಯಾಡ. ನನ್ನ ಕಾಲು ಸೋತ ಮ್ಯಾಲೆ ಕೋಲು ನಿಂದೇ."

"ಆ ಕೋಲು ಹಿಡೀಬೇಕು ಸಾರ್. ಇನ್ನೇನೂ ಬ್ಯಾಡ ನಂಗೆ" ಎಂದ. ಮದುವೆ ವಯಸ್ಸಿನ ಗಂಡಸರೆಲ್ಲ ಶುಕ್ರವಾರ ಹೆಂಡತಿ, ಮಕ್ಕಳು, ಮನೆ ಎಂದು ಬಾಯಿಬಿಡುತ್ತಿದ್ದ ಆ ಶೆಡ್ಡಿನಲ್ಲಿ ಇಂಥ ಆಸೆ ನಾನು ಕೇಳಿದ್ದು ಅದೊಂದೇ.

ಆ ಆಸೆಗೆ ಆತ ತೆತ್ತದ್ದು ಒಂಟಿತನ. ಶುಕ್ರವಾರ ರಜೆ. ಅಂದು ನೂರು ಜನಕ್ಕೆ ಒಂದೇ ಹಂಡೆಯಲ್ಲಿ ಕೋಳಿ ಬಿರಿಯಾನಿ. ಕೇರಳದವರು, ಪಠಾಣರು, ಫಿಲಿಪೀನ್ಸಿನವರು, ಆಂಧ್ರದವರು, ಎಲ್ಲರೂ ಒಂದೇ ಟಾರ್ಪಾಲಿನ ಮೇಲೆ ಕೂತು, ಒಬ್ಬರ ತಟ್ಟೆಗೆ ಒಬ್ಬರು ಕೈಹಾಕಿ, ಹಾಡು ಹೇಳಿಕೊಂಡು ಉಣ್ಣುತ್ತಿದ್ದರು. ಆತ ನೀರಿನ ಟ್ಯಾಂಕಿನ ಹಿಂದೆ ಕಲ್ಲು ಹೂಡಿ, ಸಣ್ಣ ಪಾತ್ರೆಯಲ್ಲಿ ಮುದ್ದೆ ತಿರುವಿಕೊಂಡು, ಒಣಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ನುಂಗುತ್ತಿದ್ದ. ಆಂಧ್ರದವರು ಮೊದಮೊದಲು ಕರೆದರು. ಆತನ ಮನೆಮಾತು ತೆಲುಗು. ಆ ಹಟ್ಟಿಯವರೆಲ್ಲ ಹಾಗೆಯೇ. ಆದರೆ ಕರಾವಳಿಯ ಆಂಧ್ರದವರಿಗೆ ಆತನ ತೆಲುಗು ಕೇಳಿದರೆ ನಗು.

"ಏನಯ್ಯಾ, ನಿನ್ನ ತೆಲುಗು ನಮ್ಮ ಮುತ್ತಜ್ಜಿ ಕಾಲದ್ದು!" ಎಂದು ಒಬ್ಬ ಚುಡಾಯಿಸಿದ.

"ನಿಮ್ಮ ಮುತ್ತಜ್ಜಿ ಚೆನ್ನಾಗಿ ಮಾತಾಡ್ತಿದ್ಲು ಅಂತಾತು" ಎಂದ ಈತ. ಎಲ್ಲರೂ ನಕ್ಕರು. ಆದರೂ ಆತ ಟಾರ್ಪಾಲಿನ ಮೇಲೆ ಕೂರಲಿಲ್ಲ. ಕರೆಯುವುದು ಕ್ರಮೇಣ ನಿಂತಿತು.

ಬಿಸಿಲು ಕಾಯಲು ಬರುವ ದೊರೆಗಳನ್ನು ಕಂಡರೆ ಆತನಿಗೆ ಮರುಕ. "ಇದಕ್ಕೆ ಅಷ್ಟು ದೂರದಿಂದ ಬರ್ತಾರಾ ಸಾರ್? ಚಳ್ಳಕೆರೆ ಬಸ್‌ಸ್ಟ್ಯಾಂಡ್‌ನಾಗೆ ಮಲಗಿಸಿದ್ರೆ ಪುಕ್ಕಟೆ ಸುಟ್ಟು ಕಳಸ್ತಿದ್ವಿ" ಎನ್ನುತ್ತಿದ್ದ.

ಅವರಲ್ಲಿ ಒಬ್ಬಳು ಮುದುಕಿ ಮಾತ್ರ ಬಂದು ಹೋಗುವವಳಲ್ಲ, ಆ ಊರಲ್ಲೇ ನೆಲೆಸಿದವಳು. ಗಂಡ ಬಂದರಿನಲ್ಲಿ ಎಂಜಿನಿಯರನಾಗಿದ್ದು ತೀರಿಕೊಂಡಿದ್ದ. ಸಂಜೆ ನಾಯಿ ಹಿಡಿದುಕೊಂಡು ಬಂದು ಮರಳಿನ ಮೇಲಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಈತ ಕಡಲ ಪಾಚಿ ಗುಡಿಸಿ ಮುಗಿಸಿ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಆಕೆ ಬೀಸಣಿಗೆ ಆಡಿಸುತ್ತ "ಹಾಟ್" ಎನ್ನುವಳು. ಈತ ಟವಲಿನಿಂದ ಕತ್ತು ಒರೆಸಿಕೊಂಡು "ಹಾಟ್" ಎನ್ನುವನು. ಅಷ್ಟೇ ಸಂಭಾಷಣೆ. ಎಷ್ಟೋ ವರ್ಷ ನಡೆಯಿತು. ಆತನ ಬರಿಗಾಲು ನೋಡಿ ಆಕೆ ಒಂದು ಜೊತೆ ರಬ್ಬರ್ ಚಪ್ಪಲಿ ತಂದುಕೊಟ್ಟಳು. ಈತ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ, ಹಾಕಲಿಲ್ಲ, ಪೆಟ್ಟಿಗೆಯಲ್ಲಿಟ್ಟ. ಆಕೆ ತನ್ನ ದೇಶಕ್ಕೆ ಹೊರಟುಹೋದ ಸಂಜೆ ನನ್ನ ಹತ್ತಿರ ಬಂದು ಹೇಳಿದ:

"ಆಯಮ್ಮನೂ ಊರು ಬಿಟ್ಟೋಳೇ ಸಾರ್. ನಾಯಿ ಜತೆಗಾದ್ರೂ ಮಾತಾಡ್ತಿತ್ತು."

ಪೊರಕೆ ತೆಗೆದುಕೊಂಡು ಹೋದ.

ನಮ್ಮ ಹೋಟೆಲಿನ ಅಡುಗೆಯವ ಕೇರಳದವನು, ಒಳ್ಳೆಯ ಮನುಷ್ಯ. ಹಬ್ಬದ ದಿನವೂ ಈತ ಚಟ್ನಿ ನೆಕ್ಕುವುದನ್ನು ನೋಡಲಾರದೆ ಒಂದು ದಿನ ಸ್ಟೀಲ್ ಡಬ್ಬಿಯಲ್ಲಿ ಕಪ್ಪಗೆ ದಪ್ಪಗಿದ್ದ ಸಿಹಿ ಪಾಕ ತಂದುಕೊಟ್ಟ. ಈತ ಬೆರಳಲ್ಲಿ ಅದ್ದಿ ನೋಡಿದ. ಜೋನಿ ಬೆಲ್ಲ! ಆಲೆಮನೆಯಿಂದ ಗಡಿಗೆಯಲ್ಲಿ ತರುವ ನೀರು ಬೆಲ್ಲದ ಹಾಗೆಯೇ ಬಣ್ಣ, ಹಾಗೆಯೇ ರುಚಿ. ಆ ಚಳಿಗಾಲವೆಲ್ಲ ಆತ ರೊಟ್ಟಿಗೆ ಅದನ್ನು ಹಚ್ಚಿಕೊಂಡು ತಿಂದ. ನನಗೂ ತಂದುಕೊಟ್ಟು, "ತಿನ್ನಿ ಸಾರ್, ಊರು ನೆನಪಾಗತೈತೆ" ಎಂದ. ನಾನು ಸಕ್ಕರೆ ಕಾಯಿಲೆಯವನು, ಮುಟ್ಟಲಿಲ್ಲ. ಆತ ಮುಖ ತುಂಬ ನಗುವುದನ್ನು ಕಂಡದ್ದು ಆ ಚಳಿಗಾಲ ಮಾತ್ರ.

ಡಬ್ಬಿ ಮುಗಿದಾಗಲೆಲ್ಲ ಅಡುಗೆಯವನೇ ತುಂಬಿಸಿ ಕೊಡುತ್ತಿದ್ದ. ಒಮ್ಮೆ ಮಾತ್ರ ಅಡುಗೆಯವ ಊರಿಗೆ ಹೋಗಿದ್ದ. ಈತನೇ ಅಡುಗೆಮನೆಯ ಕಪಾಟಿನ ಹತ್ತಿರ ಹೋದ. ಪಾಕ ಇದ್ದದ್ದು ದೊಡ್ಡ ತಗಡಿನ ಡಬ್ಬದಲ್ಲಿ. ಡಬ್ಬದ ಮೇಲೆ ಮರದ ಚಿತ್ರ. ಓದು ಬಾರದವನಿಗೂ ಆ ಮರ ಗೊತ್ತಾಗುತ್ತದೆ. ಅದು ಖರ್ಜೂರದ ಪಾಕ.

ಮರುದಿನ ಬೆಳಗಿನ ಸುತ್ತಿನಲ್ಲಿ ನಾನು ಕಡಲಂಚಿಗೆ ಹೋದಾಗ ಆತ ಮೊಣಕಾಲು ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಉಪ್ಪುನೀರು ತೆಗೆದು ಬಾಯಿ ಮುಕ್ಕಳಿಸುತ್ತಿದ್ದ. ತುಟಿ ಒಡೆದಿತ್ತು. ವಿಷಯ ಕೇಳಿ ತಿಳಿದುಕೊಂಡೆ.

"ತಿಳೀದೆ ತಿಂದದ್ದಪ್ಪ. ತಪ್ಪು ಹ್ಯಾಗಾಗತ್ತೆ?" ಎಂದೆ.

"ತಿಳೀದೆ ತುಳಿದ್ರೂ ಮುಳ್ಳು ಚುಚ್ಚತೈತೆ ಸಾರ್."

"ನೀನಾಗಿ ಹೇಳದಿದ್ದರೆ ಹಟ್ಟಿಯಲ್ಲಿ ಯಾರಿಗೆ ಗೊತ್ತಾಗತ್ತೆ?"

ಆತ ನನ್ನನ್ನು ನೋಡಿದ. ಕೋಪದಿಂದಲ್ಲ. ದೂರದಿಂದ ಬಂದ ಅಪರಿಚಿತನನ್ನು ನೋಡುವ ಹಾಗೆ. "ಗುಡಿ ಮುಂದೆ ನಿಲ್ಲಿಸಿ ಪೂಜಾರಪ್ಪ ಕೇಳ್ತಾನ್ರಿ, ಕಟ್ಟು ಉಳೀತಾ ಅಂತ. ಏನು ಹೇಳ್ಲಿ?"

ಅಡುಗೆಯವನು ಊರಿನಿಂದ ಮರಳಿ ಬಂದು ವಿಷಯ ತಿಳಿದು ಹಣೆ ಹಣೆ ಚಚ್ಚಿಕೊಂಡ. ಈತ ಆತನ ಬೆನ್ನು ಸವರಿ, "ನೀನು ಪ್ರೀತಿಯಿಂದ ಕೊಟ್ಟೆ ಬಿಡು ಚೇಟ" ಎಂದ. ಅವನನ್ನು ಕ್ಷಮಿಸಲು ಕಷ್ಟವಾಗಲಿಲ್ಲ.

ಕೆಲವು ವರ್ಷಗಳ ನಂತರ ಇಬ್ಬರೂ ಊರಿಗೆ ಮರಳಿದೆವು, ಮೊದಲು ನಾನು, ಆಮೇಲೆ ಆತ. ಬಂದ ವಾರವೇ ಚಳ್ಳಕೆರೆಗೆ ನನ್ನ ಮನೆಗೆ ಬಂದ. "ಸಾರ್, ಹಟ್ಟೀಗೆ ಬರಬೇಕು ನೀವು. ಏನು ತಿಂದೆ ಅಂತ ನಾನೊಬ್ಬನೇ ಹೇಳಿದ್ರೆ ಅರ್ಧ ಆಗತೈತೆ. ನೋಡಿದೋರು ಒಬ್ರು ಬೇಕು." ಹೋದೆ. ಗುಡಿಯ ಮುಂದೆ ಬೇವಿನ ಮರದಡಿ ಪೂಜಾರಿ, ಎತ್ತುಗಳನ್ನು ಪಕ್ಕದ ದೊಡ್ಡಿಗೆ ಕೂಡಿ ಬಂದಿದ್ದ ಆತನ ಮಾವ, ಹಟ್ಟಿಯ ಹಿರಿಯರು ಕೂತಿದ್ದರು. ಆತ ನಿಂತುಕೊಂಡೇ ಎಲ್ಲ ಹೇಳಿದ. ನನ್ನನ್ನು ಕೇಳಿದರು, ನಾನೂ ಕಂಡದ್ದನ್ನು ಹೇಳಿದೆ.

ಪೂಜಾರಿ ಮುದುಕ ಎಲೆಯಡಿಕೆ ಉಗುಳಿ ಬಂದು ನಕ್ಕುಬಿಟ್ಟ.

"ಲೇ ಹುಚ್ಚಪ್ಪ, ಮದುವೇನಾಗೆ ಉತ್ತುತ್ತಿ ಹಂಚ್ತೀವಲ್ಲೋ, ಅದೇನು ಆಕಾಶದಿಂದ ಉದುರತೈತಾ? ಅದೂ ಖರ್ಜೂರವೇ. ಈಚಲೇ ಬ್ಯಾರೆ, ಖರ್ಜೂರವೇ ಬ್ಯಾರೆ. ಹೋಗು, ತಣ್ಣೀರು ಹುಯ್ಕೊಂಡು ಬಾ. ತೀರ್ಥ ಹಾಕ್ತೀನಿ, ಮುಗೀತು."

ಎಲ್ಲರೂ ಹಗುರಾದರು. ಮಾವ ಕಣ್ಣೊರೆಸಿಕೊಂಡು ಎದ್ದ. ಆತ ಮಿಂದು ಒದ್ದೆ ಪಂಚೆಯಲ್ಲಿ ಬಂದ. ತೀರ್ಥವೂ ಆಯಿತು. ಮಾವ ಎರಡೂ ಕೈಯಲ್ಲಿ ಕೋಲು ಮುಂದೆ ಚಾಚಿದ. ಎಷ್ಟೋ ವರ್ಷ ಸುಡು ಮರಳಿನ ಮೇಲೆ ನಡೆದದ್ದು ಈ ಗಳಿಗೆಗೆ ಎಂದು ನನಗೆ ಗೊತ್ತಿತ್ತು. ಆತ ಕೈ ಚಾಚಲಿಲ್ಲ.

"ನೀವು ಬಿಟ್ಟುಕೊಟ್ರಿ. ನನ್ನ ನಾಲಗೆ ಬಿಡವಲ್ದು. ಅಯ್ಯೋ ಅಂತ ನುಂಗಿದ್ದಲ್ಲ ಅದು, ರುಚಿ ಐತೆ ಅಂತ ಚಪ್ಪರಿಸಿ ತಿಂದೀನಿ."

"ದೇವ್ರೇ ಬಿಟ್ಟ ಮ್ಯಾಲೆ ನಿಂದೇನೋ!" ಮಾವ ಗದರಿದ. "ದೇವ್ರಿಗಿಂತ ದೊಡ್ಡೋನಾಗಿಬಿಟ್ಯಾ ಪರದೇಶಕ್ಕೆ ಹೋಗಿ?"

ಅಕ್ಕ ಬೇಡಿಕೊಂಡಳು, ಅತ್ತಳು, ಬೈದಳು. ಕತ್ತಲಾಗುವ ಮುಂಚೆ ಕೋಲು ಅಕ್ಕನ ಮಗನ ಕೈಗೆ ಹೋಯಿತು. ಅವನೂ ಮದುವೆಯಾಗದ, ಗಟ್ಟಿಯಾದ ಆಳು.

ನಾನು ಕಟ್ಟುಪಾಡಿನಲ್ಲಿ ಬೆಳೆದವನು. ಸೈನ್ಯದಲ್ಲಿ ತಪ್ಪಿಗೆ ಶಿಕ್ಷೆ ಉಂಟು, ಶಿಕ್ಷೆ ಮುಗಿದರೆ ಮತ್ತೆ ಸಾಲಿನಲ್ಲಿ ಜಾಗವೂ ಉಂಟು. ಶಿಕ್ಷೆಯೇ ಇಲ್ಲವೆಂದ ಮೇಲೂ ಸಾಲಿಗೆ ಬಾರದವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದನ್ನು ಭಕ್ತಿ ಎಂದವರಿದ್ದಾರೆ, ಸೊಕ್ಕು ಎಂದವರೂ ಇದ್ದಾರೆ. ನನಗೆ ಅನ್ನಿಸುವುದು ಬೇರೆ. ಅಷ್ಟು ವರ್ಷ ನೀರಿನ ಟ್ಯಾಂಕಿನ ಹಿಂದೆ ಒಬ್ಬನೇ ಉಂಡವನಿಗೆ ಬೇವಿನ ಮರದಡಿ ಎಲ್ಲರ ನಡುವೆ ಕೂರುವುದು ಮರೆತುಹೋಗಿತ್ತೋ ಏನೋ. ಕೇಳಿದ್ದರೆ ಹೇಳುತ್ತಿರಲಿಲ್ಲ. ಕೇಳಲೂ ಇಲ್ಲ.

ಆಮೇಲೆ ಆತ ಹಟ್ಟಿಯ ಹೊರಗೆ, ಎತ್ತುಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಯ ಹತ್ತಿರ ಒಂದು ಗುಡಿಸಲು ಹಾಕಿಕೊಂಡ. ಕೈಪಂಪು ಒತ್ತಿ ತೊಟ್ಟಿ ತುಂಬಿಸುವುದೇ ಕೆಲಸ. ಎತ್ತುಗಳು ಬರುವ ಹೊತ್ತಿಗೆ ದೂರ ಸರಿದು ನಿಲ್ಲುತ್ತಿದ್ದ, ಮೈ ಮುಟ್ಟುತ್ತಿರಲಿಲ್ಲ. ವರ್ಷಕ್ಕೆರಡು ಸಲ ಚಳ್ಳಕೆರೆಗೆ ಬಂದು ನಮ್ಮ ಮನೆಯಲ್ಲಿ ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಹೆಂಡತಿ ಬೈದರೆ, "ರೂಢಿ ತಾಯಿ" ಎನ್ನುತ್ತಿದ್ದ.

ಬಸ್ಸಿಳಿದು, ಆಟೊ ಹಿಡಿದು ಹಟ್ಟಿ ಮುಟ್ಟುವಾಗ ಹನ್ನೊಂದೂವರೆ. ಗುಡಿಸಲ ಮುಂದೆ ಆತನನ್ನು ಕೂರಿಸಿದ್ದರು. ಮುಖ ಶಾಂತವಾಗಿತ್ತು. ಹೂವು ಹಾಕಿ ಒಂದು ಬದಿಗೆ ನಿಂತೆ. ಅಲ್ಲಿ ಮಾತು ನಡೆದಿತ್ತು.

ಆ ಹಟ್ಟಿಯಲ್ಲಿ ಕಿಲಾರಿ ಸತ್ತರೆ, ಗುಂಡಿಗೆ ಮಣ್ಣು ತುಂಬುವವರೆಗೂ ದೇವರ ಎತ್ತುಗಳನ್ನು ತಂದು ನಿಲ್ಲಿಸುವ ಪದ್ಧತಿ. ಆತನ ಮಾವನಿಗೆ ಹಾಗೆ ಮಾಡಿದ್ದರು. ತಮ್ಮನಿಗೂ ಮಾಡಬೇಕೆಂದು ಅಕ್ಕ ಪಟ್ಟು ಹಿಡಿದಿದ್ದಳು.

"ಕೋಲು ಹಿಡೀದಿದ್ರೇನು, ಕಿಲಾರಿಗಿಂತ ಹೆಚ್ಚು ಮಾಡಿದಾನೆ ಪೂಜಾರಪ್ಪ! ಒಂದು ದಿನ ಒಣಗ್ಲಿಲ್ಲ ಆ ತೊಟ್ಟಿ. ಕಡೀಗೊಂದು ಸಲ ಎತ್ತು ತರಿಸು."

ಪೂಜಾರಿಗೆ ಈಗ ತುಂಬ ವಯಸ್ಸಾಗಿತ್ತು. ದನಿ ನಡುಗುತ್ತಿತ್ತು. "ನಂಗೇನು ಮನಸಿಲ್ವಾ ತಾಯಿ? ಹೋದ ತಿಂಗಳೇ ನನ್ನ ಕೈ ಹಿಡಕಂಡು ಹೇಳಿದಾನೆ, ನನಗೆ ಎತ್ತು ತರಬ್ಯಾಡ್ರಿ ಅಂತ. ಇದ್ದಾಗ ಅವನ ಮಾತು ಮೀರ್ಲಿಲ್ಲ. ಎದ್ದು ಬಂದು ಬೈಯಲ್ಲ ಅಂತ ಈಗ ಮೀರಾಕಾಗತೈತಾ?"

ಅಕ್ಕ ಹೋಗಿ ತಮ್ಮನ ಕಾಲ ಬಳಿ ಕೂತಳು. ಅವಳ ಮಗ, ಕಿಲಾರಿ, ಎತ್ತುಗಳ ಜೊತೆ ಕಾವಲಿನಲ್ಲಿ, ಅವು ಮೇಯುವ ಬಯಲಿನಲ್ಲಿದ್ದ. ಅವನಿಗೆ ಎತ್ತು ಬಿಟ್ಟು ಬರುವ ಹಾಗಿಲ್ಲ.

ಗುಂಡಿ ತೆಗೆಯುತ್ತಿದ್ದದ್ದು ತೊಟ್ಟಿಯಿಂದ ಹತ್ತಿಪ್ಪತ್ತು ಮಾರು ಆಚೆಗೆ. ಬೇಗ ಮುಗಿಯಬೇಕಿತ್ತು. ನೆಲದಲ್ಲಿ ಬಂಡೆ ಸಿಕ್ಕಿತು. ಪಕ್ಕಕ್ಕೆ ಸರಿದು ಮತ್ತೆ ತೆಗೆದರು, ಅಲ್ಲೂ ಕಲ್ಲು. ಹಾರೆಯ ಸದ್ದು ಕೇಳುತ್ತ ಎಲ್ಲರೂ ಬಿಸಿಲಲ್ಲಿ ಕೂತೆವು. ಆತನನ್ನು ಇಳಿಸುವ ಹೊತ್ತಿಗೆ ಮೂರೂವರೆ ದಾಟಿತ್ತು. ಮೊದಲ ಹಿಡಿ ಮಣ್ಣು ಅಕ್ಕ ಹಾಕಿದಳು.

ಆಗ ಗಂಟೆಯ ಸದ್ದು ಕೇಳಿತು. ಕಾವಲಿನ ಕಡೆಯಿಂದ ಧೂಳು ಎದ್ದಿತ್ತು. ಎತ್ತುಗಳು ನೀರಿಗೆ ಬರುವ ವೇಳೆ. ಮುಂದೆ ಕೋಲು ಹಿಡಿದು ಕಿಲಾರಿ. ಗುಂಡಿ ಇನ್ನೂ ತುಂಬಿಲ್ಲದ್ದು ಕಂಡು ಅವನು ಗಾಬರಿಯಿಂದ ನಿಂತ. "ತಿರುಗಿಸಲಾ ಪೂಜಾರಪ್ಪ?" ಎಂದು ದೂರದಿಂದಲೇ ಕೂಗಿದ.

ಅಷ್ಟರಲ್ಲಿ ಎತ್ತುಗಳು ಅವನನ್ನು ದಾಟಿ ಬಂದು ತೊಟ್ಟಿಯ ಸುತ್ತ ನಿಂತವು. ತೊಟ್ಟಿ ಒಣಗಿತ್ತು. ತುಂಬುವವನು ಮಲಗಿದ್ದ, ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ನೀರಿಲ್ಲದೆ ಅವು ಹೋಗುವಂತಿಲ್ಲ. ಮೂತಿಯಿಂದ ಕಲ್ಲು ಮೂಸಿ, ಕೊಂಬು ತಗ್ಗಿಸಿ, ಹಾಗೆಯೇ ನಿಂತವು.

ಪೂಜಾರಿ ಎತ್ತುಗಳನ್ನು ನೋಡಿದ, ಗುಂಡಿಯನ್ನು ನೋಡಿದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಾವು ತಂದಿಲ್ಲಪ್ಪ" ಎಂದ. "ನೀರಿಗೆ ಬಂದಾವೆ. ಮಣ್ಣು ಹಾಕ್ರೋ."

ಸಲಿಕೆಗಳು ಮತ್ತೆ ಆಡತೊಡಗಿದವು. ಎಲ್ಲರ ಕೈಯಲ್ಲೂ ಕೆಲಸವಿತ್ತು, ನನ್ನ ಕೈ ಖಾಲಿ ಇತ್ತು. ಪೂಜಾರಿಯ ಕಡೆ ನೋಡಿದೆ; ಆತ ಆಗಲಿ ಎಂದು ತಲೆಯಾಡಿಸಿದ. ಅಂಗಿಯ ತೋಳು ಮಡಿಸಿ ಪಂಪಿನ ಹಿಡಿಗೆ ಕೈ ಹಾಕಿದೆ. ಮೊದಲು ಬರೀ ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ನನ್ನ ವಯಸ್ಸಿಗೆ ಅದು ನಿಧಾನದ ಕೆಲಸ. ನಡುನಡುವೆ ನಿಂತು ಉಸಿರು ತೆಗೆದುಕೊಂಡೆ. ಯಾರೂ ಅವಸರ ಮಾಡಲಿಲ್ಲ, ಎತ್ತುಗಳೂ ಮಾಡಲಿಲ್ಲ. ಆಚೆ ಗುಂಡಿ ಮುಚ್ಚಿ, ಮೇಲೆ ಜಾಲಿ ಮುಳ್ಳು ಹೊದಿಸುವ ಹೊತ್ತಿಗೆ ತೊಟ್ಟಿಯೂ ಅಂಚಿಗೆ ಬಂತು. ನಾನು ಪಂಪು ಬಿಟ್ಟು ದೂರ ಸರಿದು ನಿಂತೆ. ಅವು ನೀರು ಕುಡಿದವು.